ಸುರಂಗದ ನೀರಿಗೆ ಬಣ್ಣ ಹಾಕಿದ ಮೇಡಂ

ನಮ್ಮ ಹಳೆಯ ತಹಶೀಲ್ದಾರ್ ಮೇಡಂ ನಿವೃತ್ತರಾದ ಸುದ್ದಿ ನನಗೆ ತಿಳಿದದ್ದು ವಾಟ್ಸಾಪ್ ಗುಂಪಿನಲ್ಲಿ ಬಂದ ಒಂದು ಫೋಟೊದಿಂದ. ಬೆಂಗಳೂರಿನ ಯಾವುದೋ ಸಭಾಂಗಣ. ಮೇಡಂ ಕೊರಳಲ್ಲಿ ಗಂಧದ ಹಾರ, ತಲೆಯ ಮೇಲೆ ಒಂದು ಕಡೆಗೆ ವಾಲಿದ ಪೇಟ, ಮಡಿಲಲ್ಲಿ ಹಣ್ಣಿನ ಬುಟ್ಟಿ. ಸುತ್ತ ನಿಂತವರೆಲ್ಲ ಕ್ಯಾಮೆರಾ ನೋಡುತ್ತಿದ್ದಾರೆ. ಅವರು ಮಾತ್ರ ಮುಖ ತಿರುಗಿಸಿ ಕಿಟಕಿಯ ಆಚೆ ನೋಡುತ್ತಿದ್ದಾರೆ. ಆಚೆ ಏನಿತ್ತೋ, ಫೋಟೊದಲ್ಲಿ ಕಾಣುವುದಿಲ್ಲ. ಚಿತ್ರವನ್ನು ಬೆರಳಿನಿಂದ ದೊಡ್ಡದು ಮಾಡಿ ಬಹಳ ಹೊತ್ತು ನೋಡುತ್ತಾ ಕುಳಿತೆ. ಇಷ್ಟು ವರ್ಷವಾದರೂ ಮುಖದ ಮೇಲಿನ ಆ ಎಲ್ಲೋ ಕಳೆದುಹೋದ ಭಾವ ಹಾಗೆಯೇ ಇತ್ತು.

ಅವರ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಕಚೇರಿಯ ಬಾಗಿಲಿಗೆ ನಾವು ಹೊಸ ಹೆಸರಿನ ಫಲಕ ಮಾಡಿಸಲು ಹೊರಟಾಗ, "ಹುದ್ದೆ ಬರೆದಿದೆಯಲ್ಲ, ಸಾಕು ಬಿಡಿ. ಹೆಸರು ಹೇಗೂ ಬದಲಾಗ್ತಾ ಇರುತ್ತೆ" ಎಂದವರು ಅವರು.

ಅವರು ಬಂಟ್ವಾಳಕ್ಕೆ ಬಂದಾಗ ನಾನು ಮಾಣಿಯಿಂದ ಒಳಗೆ ಹೋಗುವ ಒಂದು ಗುಡ್ಡದ ಊರಿಗೆ ಗ್ರಾಮಕರಣಿಕೆಯಾಗಿದ್ದೆ. ನನ್ನ ಮನೆ ಮೂಡುಬಿದಿರೆ ಹತ್ತಿರದ ಪುತ್ತಿಗೆ. ಬೆಳಿಗ್ಗೆ ಎರಡು ಬಸ್ಸು ಬದಲಿಸಿ ಹೋಗುವುದು, ಸಂಜೆ ಎರಡು ಬಸ್ಸು ಬದಲಿಸಿ ಬರುವುದು. ಪಹಣಿ, ಆದಾಯ ಪ್ರಮಾಣಪತ್ರ, ಮಳೆಗಾಲದಲ್ಲಿ ಮನೆಹಾನಿಯ ವರದಿ. ಹೊಸ ತಹಶೀಲ್ದಾರರು ಬಂದರೆಂದರೆ ನಮಗೆ ಹೊಸ ಸಹಿಯೊಂದು ಬಂದ ಹಾಗೆ, ಅಷ್ಟೆ.

ಮೊದಲ ಸಭೆಯಲ್ಲಿ ಅವರು ಬಾಕಿ ಕಡತಗಳ ಬಗ್ಗೆ ಕೇಳಲಿಲ್ಲ. ಒಬ್ಬೊಬ್ಬರನ್ನೇ ನೋಡಿ, "ನೀವು ಓದಿದ್ದೇನು?" ಎಂದು ಕೇಳುತ್ತಾ ಬಂದರು.

"ಬಿ.ಎಸ್ಸಿ. ಮೇಡಂ, ಕೆಮಿಸ್ಟ್ರಿ" ಎಂದೆ ನಾನು.

"ಅದರಲ್ಲಿ ನಿಮಗೆ ಏನು ಇಷ್ಟ ಆಗ್ತಿತ್ತು?"

ಅಂಥ ಪ್ರಶ್ನೆಯನ್ನು ಕಾಲೇಜಿನಲ್ಲಿಯೂ ಯಾರೂ ಕೇಳಿರಲಿಲ್ಲ. ಎದ್ದು ನಿಂತೆ. ಆಮೇಲೆ ಎಲ್ಲಿಂದಲೋ ನೆನಪಾಯಿತು. "ಟೈಟ್ರೇಶನ್ ಮಾಡುವಾಗ ಕೊನೆಗೆ ಒಂದೇ ಒಂದು ಹನಿ ಬಿದ್ದ ಕೂಡಲೇ ಎಲ್ಲ ಗುಲಾಬಿ ಬಣ್ಣ ಆಗ್ತದಲ್ಲ ಮೇಡಂ, ಅದು."

ಅವರು ಕಣ್ಣು ಮುಚ್ಚಿದರು, ಆ ಬಣ್ಣವನ್ನು ತಾವೂ ನೋಡುತ್ತಿರುವ ಹಾಗೆ. ನಂತರ ಪಕ್ಕದವರ ಕಡೆಗೆ ತಿರುಗಿದರು. ನಮ್ಮಲ್ಲಿ ವಿಜ್ಞಾನ ಓದಿದವರು ಎಷ್ಟು ಮಂದಿ ಇದ್ದೇವೆಂದು ನಮಗೇ ಗೊತ್ತಾದದ್ದು ಆ ದಿನ. ಜಾತಿ ಪ್ರಮಾಣಪತ್ರದ ಮೇಜಿನಲ್ಲಿ ಭೌತಶಾಸ್ತ್ರ, ಆಹಾರ ಶಾಖೆಯಲ್ಲಿ ಪ್ರಾಣಿಶಾಸ್ತ್ರ, ಚುನಾವಣಾ ಶಾಖೆಯಲ್ಲಿ ಗಣಿತ. ಎಲ್ಲರೂ ಪರೀಕ್ಷೆ ಬರೆದು, ಕೆಲಸ ಸಿಕ್ಕಿತೆಂದು ಬಂದು, ಕುರ್ಚಿಯಲ್ಲಿ ಕುಳಿತು ಮರೆತವರು.

ಅವರು ಓದಿದ್ದು ಭೂವಿಜ್ಞಾನ. ಚಿತ್ರದುರ್ಗದ ಕಡೆಯವರು, ಬಂಡೆಗಳ ನಡುವೆ ಬೆಳೆದವರು. ಎಂ.ಎಸ್ಸಿ. ಮುಗಿಸಿ ಸಂಶೋಧನೆಗೆ ಸೇರಬೇಕೆಂದಿದ್ದಾಗ ಗೆಳತಿಯ ಜೊತೆಗೆ ಸುಮ್ಮನೆ ಆಡಳಿತ ಸೇವೆಯ ಪರೀಕ್ಷೆ ಬರೆದರಂತೆ. ಗೆಳತಿಗೆ ಆಗಲಿಲ್ಲ, ಇವರಿಗೆ ಆಯಿತು. "ಮನೇಲಿ ಎಲ್ಲರಿಗೂ ಎಷ್ಟು ಸಂತೋಷ ಆಯ್ತು ಅಂದ್ರೆ, ನನಗೆ ಬೇಡ ಅನ್ನೋಕೆ ಜಾಗಾನೇ ಸಿಗಲಿಲ್ಲ" ಎಂದು ಒಮ್ಮೆ ಹೇಳಿದ್ದರು. ದೂರಿನ ದನಿಯಲ್ಲಿ ಅಲ್ಲ. ನಡೆದದ್ದನ್ನು ನಡೆದ ಹಾಗೆ.

ಅವರ ಕೈಚೀಲದಲ್ಲಿ ದಾರ ಕಟ್ಟಿದ ಒಂದು ಸಣ್ಣ ಭೂತಗನ್ನಡಿ ಇರುತ್ತಿತ್ತು. ವೀಡಿಯೊ ಸಭೆಗಳಲ್ಲಿ ಮೇಲಿನ ಅಧಿಕಾರಿಗಳು ಮಾತನಾಡುತ್ತಿರುವಾಗ ಅಂಗೈಯಲ್ಲಿ ಒಂದು ಹರಳು ಕಲ್ಲನ್ನು ಉರುಳಿಸುತ್ತಾ ಇರುತ್ತಿದ್ದರು. ಕೇಳಿದ ಪ್ರಶ್ನೆಗೆ ಉತ್ತರ ಗೊತ್ತಿಲ್ಲದಿದ್ದರೆ ನಾವೆಲ್ಲ "ಪರಿಶೀಲಿಸಿ ವರದಿ ಸಲ್ಲಿಸಲಾಗುವುದು" ಎನ್ನುವವರು. ಅವರು "ಗೊತ್ತಿಲ್ಲ ಸರ್" ಎನ್ನುತ್ತಿದ್ದರು. ಆಮೇಲೆ ನಮಗೆ, "ಗೊತ್ತಿಲ್ಲ ಅನ್ನೋದೂ ಒಂದು ಉತ್ತರ ಕಣ್ರೀ. ಅಲ್ಲಿಂದಾನೇ ಶುರು ಆಗೋದು" ಎನ್ನುತ್ತಿದ್ದರು.

ಕೆಲವು ತಿಂಗಳು ಅವರಿಗೆ ಬೆಳ್ತಂಗಡಿಯ ಪ್ರಭಾರವೂ ಇತ್ತು. ಒಮ್ಮೆ ಚಾರ್ಮಾಡಿಗೆ ಹೋಗುವಾಗ ನಾನೂ ಜೀಪಿನಲ್ಲಿದ್ದೆ. ಘಾಟಿ ಶುರುವಾಗುವಲ್ಲಿ ರಸ್ತೆಗಾಗಿ ಗುಡ್ಡ ಕಡಿದ ಜಾಗದಲ್ಲಿ, "ನಿಲ್ಸಿ ಪೀಟರಣ್ಣ" ಎಂದರು. ಪೀಟರಣ್ಣ ಇಲಾಖೆಯ ಹಳೆಯ ಚಾಲಕರು, ಎಷ್ಟೋ ತಹಶೀಲ್ದಾರರನ್ನು ಕಂಡವರು. ಮೇಡಂ ಇಳಿದು ಹೋಗಿ ನೀರು ಜಿನುಗುತ್ತಿದ್ದ ಬಂಡೆಯ ಮೇಲೆ ಎರಡೂ ಅಂಗೈ ಇಟ್ಟು ನಿಂತರು. ಮೋಡ ಅವರ ಹೆಗಲಿನವರೆಗೂ ಇಳಿದಿತ್ತು.

"ಈ ಕಲ್ಲು ಹುಟ್ಟಿದಾಗ ಭೂಮಿ ಮೇಲೆ ಒಂದು ಹೂವೂ ಇರಲಿಲ್ಲ" ಎಂದರು, ತಮ್ಮಷ್ಟಕ್ಕೇ ಎಂಬಂತೆ. "ಹಕ್ಕಿ ಇರಲಿಲ್ಲ. ಹುಲ್ಲೂ ಇರಲಿಲ್ಲ. ಮಳೆ ಮಾತ್ರ ಬರ್ತಿತ್ತು. ಕೇಳೋಕೆ ಯಾರೂ ಇಲ್ಲದ ಮಳೆ."

ಪೀಟರಣ್ಣ ಸ್ವಲ್ಪ ಹೊತ್ತು ಕಾದು, ವಿನಯದಿಂದ, "ಮೇಡಂ, ಹಿಂದಿನಿಂದ ಧರ್ಮಸ್ಥಳದ ಬಸ್ಸು ಬರ್ತಾ ಉಂಟು. ಅದಕ್ಕೆ ದಾರಿ ಬಿಡಬೇಕಲ್ಲ" ಎಂದರು. ಮೇಡಂ ನಕ್ಕು ಜೀಪು ಹತ್ತಿದರು. ಅಂದು ಸಂಜೆಯ ಬಸ್ಸಿನಲ್ಲಿ ಪುತ್ತಿಗೆಗೆ ಮರಳುವಾಗ ಕಿಟಕಿಯ ಹೊರಗಿನ ಮಳೆಯನ್ನು ನಾನು ಬೇರೆ ಏನೋ ಎಂಬಂತೆ ನೋಡಿದೆ.

ಈಗ ಸುರಂಗದ ಸಂಗತಿ ಹೇಳಬೇಕು. ಅವರನ್ನು ನೆನೆದಾಗಲೆಲ್ಲ ನನಗೆ ಮೊದಲು ನೆನಪಾಗುವುದು ಅದೇ.

ನನ್ನ ಗ್ರಾಮದಲ್ಲಿ ಬಾವಿಗಿಂತ ಸುರಂಗಗಳು ಹೆಚ್ಚು. ಗುಡ್ಡದ ಮೈಗೆ ಅಡ್ಡಲಾಗಿ, ಒಬ್ಬರು ಬಗ್ಗಿ ನಡೆಯುವಷ್ಟು ಅಗಲಕ್ಕೆ ಅಗೆಯುತ್ತಾ ಹೋಗುವುದು. ಒಳಗೆ ಎಲ್ಲೋ ನೀರು ಸಿಕ್ಕಿದರೆ ಅದು ತಾನಾಗಿ ಹರಿದು ಹೊರಗೆ ಬರುತ್ತದೆ, ಪಂಪು ಬೇಡ, ಹಗ್ಗ ಬೇಡ. ಐಸಮ್ಮ ಎಂಬ ಬ್ಯಾರಿ ಹೆಂಗಸಿನ ಮನೆಯ ಹಿಂದೆ ಅಂಥದ್ದೊಂದು ಸುರಂಗ ಇತ್ತು. ಅದನ್ನು ಅಗೆದವರು ಅವರ ಮಾವ ಮತ್ತು ಗುಡ್ಡದ ಮೇಲಿನ ಮನೆಯ ಸಂಕಪ್ಪಣ್ಣನ ತಂದೆ. ಒಬ್ಬರು ಪಿಕಾಸಿ ಹೊಡೆದರೆ ಒಬ್ಬರು ಮಣ್ಣು ಹೊತ್ತು ಹೊರಗೆ ಹಾಕುವುದು. ಆ ಕಾಲದಿಂದ ಎರಡು ಮನೆಗಳೂ ಒಂದೇ ಎಂಬಂತೆ ಇದ್ದವು.

ಸಂಕಪ್ಪಣ್ಣ ರಬ್ಬರು ನೆಟ್ಟು, ಮೇಲೆ ಒಂದು ಬೋರು ಕೊರೆಸಿದರು. ಆ ಬೇಸಿಗೆಯಲ್ಲಿ ಐಸಮ್ಮನ ಸುರಂಗದ ನೀರು ದಾರದಷ್ಟಾಯಿತು. ಬೋರಿನಿಂದಲೇ ಹೀಗಾಯಿತೆಂದು ಐಸಮ್ಮ, ಬೋರಿಗೂ ಸುರಂಗಕ್ಕೂ ಸಂಬಂಧವೇ ಇಲ್ಲವೆಂದು ಸಂಕಪ್ಪಣ್ಣ. ಮಾತಿಗೆ ಮಾತು ಬೆಳೆದು, ಮದುವೆಯ ಕರೆಯೋಲೆ ಕೂಡ ಹೋಗದ ಹಾಗಾಯಿತು. ಗಲ್ಫಿನಲ್ಲಿದ್ದ ಮಕ್ಕಳು, "ಉಮ್ಮ, ನಾವೂ ಬೋರು ಕೊರೆಸುವ" ಎಂದರೂ ಐಸಮ್ಮ ಒಪ್ಪಲಿಲ್ಲ. ತಹಶೀಲ್ದಾರರಿಗೆ ಅರ್ಜಿ ಬಂತು. ಗ್ರಾಮಕರಣಿಕೆಯಾಗಿ ನಾನು ವರದಿ ಬರೆಯಬೇಕು. ಏನು ಬರೆಯುವುದೆಂದು ತಿಳಿಯದೆ ಮೇಡಂ ಹತ್ತಿರ ಹೋದೆ.

"ನೀರು ಎಲ್ಲಿಂದ ಬರುತ್ತೆ ಅಂತ ನಿಮಗೆ ಗೊತ್ತಾ?"

"ಗೊತ್ತಿಲ್ಲ ಮೇಡಂ."

"ನಂಗೂ ಗೊತ್ತಿಲ್ಲ. ಹೋಗಿ ನೋಡೋಣ."

ಅವರು ಬಂದವರೇ ಅಂಗಳದಲ್ಲಿ ಹಾಕಿದ್ದ ಕುರ್ಚಿಯಲ್ಲಿ ಕೂರಲಿಲ್ಲ. ಚಪ್ಪಲಿ ಬಿಟ್ಟು, ಚೂಡಿದಾರದ ಕಾಲನ್ನು ಮೊಣಕಾಲಿನವರೆಗೆ ಮಡಚಿ, ಸುರಂಗದ ಬಾಯಿಯಲ್ಲಿ ಬಗ್ಗಿದರು. ಐಸಮ್ಮ ಗಾಬರಿಯಾದರು. "ಒಳಗೆ ಬಾವಲಿ ಉಂಟು ಮೇಡಂ. ಕಪ್ಪೆಯೂ ಉಂಟು."

"ಇರಲಿ ಅಮ್ಮ, ಅವುಗಳ ಮನೆ ಅಲ್ವಾ."

ಮೊಬೈಲಿನ ಬೆಳಕು ಹಿಡಿದು ನಾನು ಹಿಂದಿನಿಂದ ಹೋದೆ. ಕಾಲಿನ ಕೆಳಗೆ ತಣ್ಣಗಿನ ನೀರು, ಎರಡೂ ಕಡೆ ಪಿಕಾಸಿಯ ಗುರುತು ಇನ್ನೂ ಉಳಿದ ಕೆಂಪು ಗೋಡೆ. ಹೋದಂತೆ ಹಗಲು ಹಿಂದೆ ಉಳಿದು ಒಂದು ಬಿಳಿ ಚುಕ್ಕೆಯಾಯಿತು. ಕೊನೆ ಮುಟ್ಟಿದ ಮೇಲೆ, "ಲೈಟು ಆರಿಸಿ" ಎಂದರು. ಆರಿಸಿದೆ. ಕಣ್ಣು ತೆರೆದರೂ ಮುಚ್ಚಿದರೂ ಒಂದೇ ಕತ್ತಲೆ. ಸ್ವಲ್ಪ ಹೊತ್ತಿಗೆ ಸದ್ದುಗಳು ಕೇಳತೊಡಗಿದವು. ಮೇಲೆ ಎಲ್ಲೋ ಒಂದು ಹನಿ, ಬದಿಯಲ್ಲಿ ಇನ್ನೊಂದು, ಗೋಡೆಯ ಒಳಗಿನಿಂದ ಯಾರೋ ನಿದ್ದೆಯಲ್ಲಿ ಉಸಿರಾಡುವಂಥ ಸಣ್ಣ ಸದ್ದು. ಮೇಡಂ ಕೆನ್ನೆಯನ್ನು ಗೋಡೆಗೆ ಒತ್ತಿಕೊಂಡಿದ್ದಾರೆಂದು ಅವರ ದನಿಯಿಂದ ತಿಳಿಯಿತು.

"ನಾವೀಗ ಗುಡ್ಡದ ಒಳಗಿದ್ದೀವಿ" ಎಂದರು. ಆ ದನಿ ಕಚೇರಿಯಲ್ಲಿ ನಾನು ಎಂದೂ ಕೇಳದ ದನಿ. ಹುಡುಗಿಯೊಬ್ಬಳು ಮಾತಾಡಿದ ಹಾಗಿತ್ತು.

ಹೊರಗೆ ಬಂದ ಮೇಲೆ ಎರಡೂ ಕಡೆಯವರನ್ನು ಕೂರಿಸಿ ತಮ್ಮ ಯೋಚನೆ ಹೇಳಿದರು. ಭೂಮಿಯೊಳಗಿನ ನೀರಿನ ದಾರಿ ಹುಡುಕಲು ಬಳಸುವ ಒಂದು ಬಣ್ಣ ಇದೆ, ಅಪಾಯ ಇಲ್ಲದ್ದು. ಸಂಕಪ್ಪಣ್ಣನ ಬೋರಿನ ಪಕ್ಕದ ಇಂಗುಗುಂಡಿಗೆ ಅದನ್ನು ಹಾಕುವುದು. ಮಳೆಗಾಲ ಮುಗಿಯುವುದರೊಳಗೆ ಸುರಂಗದ ನೀರಿನಲ್ಲಿ ಹಸಿರು ಕಂಡರೆ ಎರಡು ನೀರೂ ಒಂದೇ. ಕಾಣದಿದ್ದರೆ ಬೇರೆ.

"ಹಸಿರು ಬಂದರೆ ನಾನು ಬೋರು ದಿನ ಬಿಟ್ಟು ದಿನ ಮಾತ್ರ ಓಡಿಸ್ತೇನೆ" ಎಂದರು ಸಂಕಪ್ಪಣ್ಣ, ಐಸಮ್ಮನ ಕಡೆ ನೋಡದೆ. "ಬಾರದಿದ್ದರೆ ಅವರು ಅರ್ಜಿ ಹಿಂದೆ ತೆಗೀಬೇಕು."

"ತೆಗೀತೇನೆ" ಎಂದರು ಐಸಮ್ಮ, ಅವರೂ ನೋಡದೆ.

ಪರಿಚಯದ ಪ್ರಾಧ್ಯಾಪಕರಿಂದ ಮೇಡಂ ಬಣ್ಣ ತರಿಸಿದರು. ಮೊದಲ ಮಳೆ ಬಿದ್ದ ವಾರ ಅದನ್ನು ಗುಂಡಿಗೆ ಸುರಿದೆವು. ಕೆಂಪು ಪುಡಿ ನೀರಿಗೆ ಬಿದ್ದ ಕೂಡಲೇ ಬಿಸಿಲಲ್ಲಿ ಹಸಿರಾಗಿ ಹೊಳೆದದ್ದನ್ನು ನೋಡಿ ಪೀಟರಣ್ಣ ಎರಡು ಹೆಜ್ಜೆ ಹಿಂದೆ ಸರಿದರು. ನಾನು ಗುಂಡಿಯ ಅಂಚಿಗೆ ಬಗ್ಗಿ ನಿಂತೆ. ಮೇಡಂ ನನ್ನನ್ನು ನೋಡಿ, "ಪ್ರಯೋಗ ಮಾಡಿ ಎಷ್ಟು ವರ್ಷ ಆಯ್ತು ಅಲ್ವಾ, ನಮಗಿಬ್ಬರಿಗೂ" ಎಂದರು.

ತಹಶೀಲ್ದಾರರು ನೀರಿಗೆ ವಿಷ ಹಾಕಿದ್ದಾರೆಂಬ ಸುದ್ದಿ ಹುಟ್ಟಲು ಹೆಚ್ಚು ದಿನ ಬೇಕಾಗಲಿಲ್ಲ. ಪಂಚಾಯತ್ ಎದುರು ಜನ ಸೇರಿದರು. ಮೇಡಂ ಜೀಪಿನಿಂದ ಇಳಿದು, ಪಕ್ಕದ ಗೂಡಂಗಡಿಯಿಂದ ಒಂದು ಲೋಟ ನೀರು ಕೇಳಿ, ಆ ಪುಡಿಯ ಚಿಟಿಕೆಯನ್ನು ಅದಕ್ಕೆ ಹಾಕಿ, ಎಲ್ಲರ ಎದುರು ಕುಡಿದರು. "ನಾಳೆ ನಾನು ಆಫೀಸಿಗೆ ಬಾರದೇ ಇದ್ರೆ ಕಂಪ್ಲೇಂಟ್ ಕೊಡಿ." ಜನ ಸುಮ್ಮನಾದರು. ಪೀಟರಣ್ಣ ಮಾತ್ರ ನನ್ನ ಕಿವಿಯ ಬಳಿ, "ನಿಮ್ಮ ಕೆಮಿಸ್ಟ್ರಿಯಲ್ಲಿ ಇದಕ್ಕೆ ಎಂತಾದರೂ ಮದ್ದು ಉಂಟಾ ಮಾರಾಯ್ತಿ?" ಎಂದು ಕೇಳಿದರು. ಮರುದಿನ ಮೇಡಂ ಎಲ್ಲರಿಗಿಂತ ಮೊದಲೇ ಕುರ್ಚಿಯಲ್ಲಿದ್ದರು. ಆದರೂ ದೂರು ಮೇಲಿನವರೆಗೆ ಹೋಯಿತು. ವಿವರಣೆ ಕೇಳಿ ಪತ್ರ ಬಂತು, ಇವರು ಉತ್ತರ ಬರೆದರು.

ಮಳೆಯ ತಿಂಗಳುಗಳು ಉರುಳಿದವು, ಆಟಿ ಕಳೆಯಿತು, ಸೋಣ ಕಳೆಯಿತು. ಐಸಮ್ಮ ದಿನಾ ಬಿಳಿ ಪಿಂಗಾಣಿ ತಟ್ಟೆಯಲ್ಲಿ ನೀರು ಹಿಡಿದು ಬಿಸಿಲಿಗೆ ಇಟ್ಟು ನೋಡುತ್ತಿದ್ದರು. ನಾನು ಹೋದಾಗಲೆಲ್ಲ ತಲೆ ಅಲ್ಲಾಡಿಸುತ್ತಿದ್ದರು. ದೀಪಾವಳಿ ಬಂತು, ಮಳೆ ನಿಂತಿತು. ನೀರು ಗಾಜಿನ ಹಾಗೆ ತಿಳಿಯಾಗಿಯೇ ಇತ್ತು.

ಬೇರೆ ಯಾರಾದರೂ ಆಗಿದ್ದರೆ ಕಚೇರಿಯಿಂದ ಒಂದು ಹಿಂಬರಹ ಕಳಿಸಿ ಮುಗಿಸುತ್ತಿದ್ದರು. ಮೇಡಂ ತಾವೇ ಹೋದರು. ಸಂಕಪ್ಪಣ್ಣನನ್ನೂ ಕೆಳಗೆ ಕರೆಸಿದರು. ಐಸಮ್ಮನ ಜಗಲಿಯಲ್ಲಿ ನಿಂತುಕೊಂಡೇ ಹೇಳಿದರು. "ಎರಡು ನೀರೂ ಒಂದೇ ಅಂತ ನನಗೆ ಅನಿಸಿತ್ತು. ತೋರಿಸೋಕೆ ಆಗಲಿಲ್ಲ. ತೋರಿಸೋಕೆ ಆಗದ್ದನ್ನ ನಾನು ಹೇಳೋ ಹಾಗಿಲ್ಲ. ನಿಮಗೆ ಆಸೆ ಹುಟ್ಟಿಸಿಬಿಟ್ಟೆ ಅಮ್ಮ, ಅದಕ್ಕೆ ಬೇಜಾರಾಗಿದೆ."

ಐಸಮ್ಮ ಅರ್ಜಿ ಹಿಂದೆ ಪಡೆಯುವ ಕಾಗದಕ್ಕೆ ಸಹಿ ಹಾಕಿದರು. ಗೆದ್ದ ಸಂಕಪ್ಪಣ್ಣ ಹೆಗಲ ಮೇಲಿನ ಬೈರಾಸಿನಲ್ಲಿ ಮುಖ ಒರೆಸಿಕೊಂಡು, ಗುಡ್ಡ ಹತ್ತಿ ಹೋದರು. ಗೆದ್ದವರ ನಡಿಗೆಯಾಗಿರಲಿಲ್ಲ ಅದು.

ಜೀಪು ಕಲ್ಲಡ್ಕ ದಾಟಿದ ಮೇಲೆ ಮೇಡಂ ಹೇಳಿದರು: "ಓದಿದ್ದನ್ನ ಬಿಟ್ಟು ಬಂದೆ ಅಂತ ಒಂದು ಕೊರಗಿತ್ತು. ಇದೊಂದು ಆದ್ರೆ, ಬಿಟ್ಟು ಬಂದಿಲ್ಲ ಅಂತ ಅಂದುಕೋಬಹುದಿತ್ತು."

ಹೊಸ ವರ್ಷಕ್ಕೆ ಅವರಿಗೆ ಬೆಂಗಳೂರಿಗೆ ವರ್ಗವಾಯಿತು. ಬಣ್ಣದ ದೂರಿಗೂ ಅದಕ್ಕೂ ಸಂಬಂಧ ಉಂಟೋ ಇಲ್ಲವೋ, ನಮಗೆ ಯಾರಿಗೂ ಗೊತ್ತಿಲ್ಲ.

ಬೇಸಿಗೆ ಏರಿದ ಮೇಲೆ ಒಂದು ಮಧ್ಯಾಹ್ನ ಐಸಮ್ಮನ ಫೋನು ಬಂತು. ಯಾವಾಗಲೂ ನನ್ನೊಡನೆ ನಿಧಾನವಾಗಿ ಕನ್ನಡ ಮಾತನಾಡುತ್ತಿದ್ದವರು, ಆ ದಿನ ಅವಸರಕ್ಕೆ ತುಳುವಿನಲ್ಲಿ, "ಬತ್ತ್‌ಂಡ್ ಮಗಾ, ಬತ್ತ್‌ಂಡ್" ಎಂದರು. ಬಂತು ಮಗಳೇ, ಬಂತು. ಏನು ಬಂತೆಂದು ಕೇಳಬೇಕಾಗಲಿಲ್ಲ. ಸಿಕ್ಕಿದ ರಿಕ್ಷಾ ಹಿಡಿದು ಹೋದೆ.

ಅಡಿಕೆ ಮರವನ್ನು ಸೀಳಿ ಮಾಡಿದ ದಂಬೆಯಿಂದ ಸಣ್ಣಗೆ ಸುರಿಯುತ್ತಿದ್ದ ನೀರು ನೆರಳಿನಲ್ಲಿ ಮಾಮೂಲಿಯಾಗಿಯೇ ಇತ್ತು. ಆದರೆ ತೊಟ್ಟಿಯಲ್ಲಿ ಬಿಸಿಲು ಬಿದ್ದ ಮೂಲೆಯಲ್ಲಿ ಬಾಳೆಯ ಸುಳಿಯೆಲೆಯಂಥ ತೆಳು ಹಸಿರು ಬೆಳಕು ಅಲುಗುತ್ತಿತ್ತು. ಒಗೆಯುತ್ತಿದ್ದ ತಲೆವಸ್ತ್ರದ ಬಿಳಿಯಲ್ಲಿ ಐಸಮ್ಮನಿಗೆ ಅದು ಮೊದಲು ಕಂಡದ್ದಂತೆ. ಇಡೀ ಮಳೆಗಾಲ, ಚಳಿಗಾಲ ಕಳೆದು ಆ ಬಣ್ಣ ಗುಡ್ಡದ ಯಾವ ಪದರಿನಲ್ಲಿ ಮಲಗಿತ್ತೋ, ಯಾವ ದಾರಿಯಲ್ಲಿ ಇಳಿಯಿತೋ.

ತೊಟ್ಟಿಯ ಪಕ್ಕ ಸಂಕಪ್ಪಣ್ಣ ಕುಕ್ಕರುಗಾಲಲ್ಲಿ ಕುಳಿತಿದ್ದರು. ಐಸಮ್ಮನೇ ಮೇಲೆ ಹೋಗಿ ಕರೆದುಕೊಂಡು ಬಂದಿದ್ದರು, ಎಷ್ಟೋ ಕಾಲದ ನಂತರ.

"ಮಾತು ಮಳೆಗಾಲದವರೆಗೆ ಇದ್ದದ್ದು" ಎಂದರು ಐಸಮ್ಮ ಅವರಿಗೆ. "ಅದು ಮುಗಿಯಿತು. ನಾನೀಗ ಅರ್ಜಿ ಕೊಡುದಿಲ್ಲ. ನೋಡ್ಲಿ ಅಂತ ಕರೆದದ್ದು, ಅಷ್ಟೆ."

ಸಂಕಪ್ಪಣ್ಣ ಕೈ ಅದ್ದಿ ಬೊಗಸೆಯಲ್ಲಿ ನೀರು ಎತ್ತಿದರು. ಅದು ಬೆರಳುಗಳ ಸಂದಿಯಿಂದ ಸೋರಿ ಹೋಗುವವರೆಗೂ ನೋಡಿದರು. "ಅಪ್ಪ ಸಾಯುವವರೆಗೂ ಈ ಸುರಂಗದ ಮಾತೇ ಹೇಳ್ತಿದ್ರು ಐಸಕ್ಕ" ಎಂದರು.

ಆ ವಾರವೇ ಗುಡ್ಡದ ಮೇಲಿನ ಬೋರಿನಿಂದ ಐಸಮ್ಮನ ತೊಟ್ಟಿಯವರೆಗೆ ಒಂದು ಕಪ್ಪು ಪೈಪು ಇಳಿದು ಬಂತು. ಕಡು ಬೇಸಿಗೆಯಲ್ಲಿ ದಿನಕ್ಕೆ ಸ್ವಲ್ಪ ಹೊತ್ತು ಕೆಳಗೆ ನೀರು ಬಿಡುವುದು. ಬೇಡವೆಂದರೂ ಸಂಕಪ್ಪಣ್ಣ ಕೇಳಲಿಲ್ಲ.

ನಾನು ಮೇಡಂಗೆ ಫೋನು ಮಾಡಿದೆ. ಸುರಂಗದ ನೀರಿನಲ್ಲಿ ಹಸಿರು ಬಂದದ್ದನ್ನು ಹೇಳಿದೆ.

"ಎಂಥ ಹಸಿರು?" ಎಂದು ಕೇಳಿದರು.

"ಬಾಳೆಯ ಸುಳಿಯ ಹಾಗೆ ಮೇಡಂ. ಬಿಸಿಲಲ್ಲಿ ಮಾತ್ರ ಕಾಣ್ತದೆ."

"ಹಾಗಾದ್ರೆ ನನ್ನ ಅವಸರವೇ ತಪ್ಪು" ಎಂದರು. "ಜೇಡಿಮಣ್ಣಿನಲ್ಲಿ ನಿಂತಿದೆ ಅದು. ಎಷ್ಟು ನಿಧಾನ ನೋಡಿ." ಆಮೇಲೆ ಗುಡ್ಡದ ಇಳಿಜಾರು, ಮಣ್ಣಿನ ಪದರು ಎಂದು ಏನೇನೋ ಹೇಳುತ್ತಾ ಹೋದರು. ನನಗೆ ಅರ್ಧವೂ ಅರ್ಥವಾಗಲಿಲ್ಲ. ಆದರೆ ಅದು ಸುರಂಗದ ಕತ್ತಲೆಯಲ್ಲಿ ಕೇಳಿದ ದನಿಯೇ ಆಗಿತ್ತು.

ಮೊನ್ನೆ, ನಿವೃತ್ತಿಯ ಸಂಭ್ರಮವೆಲ್ಲ ಮುಗಿದ ಮೇಲೆ, ಅವರು ಒಬ್ಬರೇ ಸರಕಾರಿ ಬಸ್ಸಿನಲ್ಲಿ ಬಂದು ಮಾಣಿಯಲ್ಲಿ ಇಳಿದರು. ಕೂದಲು ಪೂರ್ತಿ ಬೆಳ್ಳಗಾಗಿದೆ, ಮೊಣಕಾಲು ನೋವಿನಿಂದ ಒಂದು ಕಾಲು ಎಳೆದು ನಡೆಯುತ್ತಾರೆ. ಸಂಜೆಯ ಬಸ್ಸಿಗೆ ಹಿಂದೆ ಹೋಗಬೇಕು, ಒಮ್ಮೆ ಸುರಂಗ ನೋಡಿಕೊಂಡು ಹೋಗುತ್ತೇನೆ ಎಂದರು. ನಾನು ಕರೆದುಕೊಂಡು ಹೋದೆ. ಐಸಮ್ಮ ಬೆನ್ನು ಬಾಗಿದ್ದರೂ ಗುರುತು ಹಿಡಿದರು. ಸಂಕಪ್ಪಣ್ಣ ಮೇಲಿನಿಂದ ಇಳಿದು ಬಂದರು.

ಮೇಡಂ ಸುರಂಗದ ಬಾಯಿಯಲ್ಲಿ ಬಗ್ಗಲು ನೋಡಿದರು, ಮೊಣಕಾಲು ಒಪ್ಪಲಿಲ್ಲ.

"ಒಳಗೆ ಹೋಗುದು ಬೇಡ" ಎಂದರು ಐಸಮ್ಮ. "ನೀರು ಹೊರಗೆ ಬರ್ತದಲ್ಲ. ಇಲ್ಲೇ ಕೂತ್ಕೊಳ್ಳಿ."

ಹಾಸಿದ ಚಾಪೆಯ ಮೇಲೆ ಕುಳಿತು, ಬೆನ್ನನ್ನು ಗುಡ್ಡದ ಕೆಂಪು ಮೈಗೆ ಒರಗಿಸಿ, ಕಾಲು ಚಾಚಿದರು. ಐಸಮ್ಮ ಕೊಟ್ಟ ಬೆಲ್ಲ ನೀರು ಕುಡಿದರು. ನಾವು ಮೂವರೂ ಆ ಮಾತು ಈ ಮಾತು ಆಡುತ್ತಿದ್ದೆವು, ಅವರು ಹೂಂಗುಟ್ಟುತ್ತಿದ್ದರು. ಸ್ವಲ್ಪ ಹೊತ್ತಿಗೆ ಹೂಂ ನಿಂತಿತು. ನೋಡಿದರೆ ತಲೆ ಒಂದು ಬದಿಗೆ ವಾಲಿ, ಬಾಯಿ ಅರೆ ತೆರೆದು, ನಿದ್ದೆ ಹೋಗಿದ್ದರು. ಅವರು ನಿದ್ದೆ ಮಾಡಿದ್ದನ್ನು ನಾನು ಎಂದೂ ನೋಡಿರಲಿಲ್ಲ.

ಬಸ್ಸಿನ ಹೊತ್ತಾಗುತ್ತಿತ್ತು. ಎಬ್ಬಿಸಲೆಂದು ಕೈ ಚಾಚಿದೆ. ಐಸಮ್ಮ ನನ್ನ ಮಣಿಕಟ್ಟು ಹಿಡಿದು ಬೇಡವೆಂದು ತಲೆ ಅಲ್ಲಾಡಿಸಿದರು. ಸಂಕಪ್ಪಣ್ಣ ಮೆಲ್ಲನೆ ಎದ್ದು, ಚಪ್ಪಲಿಯನ್ನು ಕೈಯಲ್ಲಿ ಹಿಡಿದುಕೊಂಡು ಗುಡ್ಡ ಹತ್ತಿದರು. ಎಲ್ಲಿಗೆ ಹೋದರೆಂದು ಮೊದಲು ತಿಳಿಯಲಿಲ್ಲ. ಸ್ವಲ್ಪ ಹೊತ್ತಿನಲ್ಲಿ ಮೇಲೆ ಬೋರಿನ ಮೋಟಾರು ನಿಂತಿತು. ಅಷ್ಟು ಹೊತ್ತು ಅದು ಓಡುತ್ತಿತ್ತೆಂಬುದೇ ನಮಗೆ ಅರಿವಿರಲಿಲ್ಲ. ಈಗ ದಂಬೆಯಿಂದ ತೊಟ್ಟಿಗೆ ಬೀಳುವ ನೀರಿನ ಸದ್ದು ಮಾತ್ರ ಉಳಿಯಿತು. ಮೇಡಂ ನಿದ್ದೆಯಲ್ಲಿಯೇ ಮುಖವನ್ನು ಆ ಕಡೆಗೆ ತಿರುಗಿಸಿಕೊಂಡರು.